ದುಡ್ಡು ಕೊಟ್ಟು ಕೊಂಡದ್ದು ನಮ್ಮದಾಗಿಯೇ ಉಳಿಯುತ್ತದೆಯೇ?

ಪ್ರಶ್ನೆ: ಮನೆಯ ಕಪಾಟಿನ ತುಂಬ ಪುಸ್ತಕ, ಕ್ಯಾಸೆಟ್, ಸಿಡಿ ಮತ್ತು ಒಂದಷ್ಟು ಗ್ರಾಮಫೋನ್ ರೆಕಾರ್ಡುಗಳಿವೆ. ಎಲ್ಲವೂ ಮೊಬೈಲಿನಲ್ಲೇ ಇರುವಾಗ ಈ ಧೂಳಿನ ರಾಶಿ ಯಾಕೆ ಎಂದು ಮಗ ಕೇಳುತ್ತಾನೆ. ಹಳೆಯ ವ್ಯಾಮೋಹ ಎನ್ನುವುದನ್ನು ಬಿಟ್ಟರೆ ಅವನಿಗೆ ಹೇಳಲು ನನ್ನಲ್ಲಿ ಬೇರೆ ಕಾರಣವಿಲ್ಲ. ನಿಜಕ್ಕೂ ಕಾರಣವಿದೆಯೇ?

ಉತ್ತರ: ಇದೆ, ಮತ್ತು ಅದಕ್ಕೆ ವ್ಯಾಮೋಹದ ಬೆಂಬಲ ಬೇಕಾಗಿಲ್ಲ. ಆ್ಯಪ್‌ನಲ್ಲಿ ‘ಖರೀದಿಸಿ’ ಎಂಬ ಗುಂಡಿಯೊತ್ತಿ ಹಣ ಪಾವತಿಸಿದಾಗ ಬಹುತೇಕ ಸಂದರ್ಭಗಳಲ್ಲಿ ನಮಗೆ ದೊರೆಯುವುದು ಕೃತಿಯ ಪ್ರತಿಯಲ್ಲ. ಕಂಪನಿಯ ಷರತ್ತುಗಳಿಗೆ ಒಳಪಟ್ಟು ಅದನ್ನು ಓದುವ, ಕೇಳುವ ಅಥವಾ ನೋಡುವ ಪರವಾನಗಿ ಮಾತ್ರ. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಗ್ರಾಹಕರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನಗಳಲ್ಲಿದ್ದ ಜಾರ್ಜ್ ಆರ್ವೆಲ್ ಅವರ ಎರಡು ಕಾದಂಬರಿಗಳ ಪ್ರತಿಗಳನ್ನು ದೂರದಿಂದಲೇ ಅಳಿಸಿಹಾಕಿತು. ಅವುಗಳನ್ನು ಮಾರಾಟಕ್ಕಿಟ್ಟವರಿಗೆ ಪ್ರಕಟಣೆಯ ಹಕ್ಕಿರಲಿಲ್ಲ ಎಂಬುದು ಕಾರಣ. ಅಳಿಸಲ್ಪಟ್ಟವುಗಳಲ್ಲಿ ಪ್ರಜೆಗಳ ಮೇಲೆ ಸದಾ ಕಣ್ಣಿಟ್ಟಿರುವ ಆಳ್ವಿಕೆಯ ಕಥೆಯಾದ ‘1984’ ಕೂಡ ಇತ್ತೆಂಬುದನ್ನು ಯಾರೂ ಕಲ್ಪಿಸಿ ಬರೆಯಬೇಕಾಗಲಿಲ್ಲ. ಗ್ರಾಹಕರಿಗೆ ಹಣ ಮರಳಿತು, ಕಂಪನಿ ಕ್ಷಮೆಯನ್ನೂ ಕೋರಿತು. ಆದರೆ ಓದುತ್ತ ಮಾಡಿಕೊಂಡ ಟಿಪ್ಪಣಿಗಳು ಪುಸ್ತಕವಿಲ್ಲದೆ ನಿರುಪಯುಕ್ತವಾದವೆಂದು ವಿದ್ಯಾರ್ಥಿಯೊಬ್ಬ ನ್ಯಾಯಾಲಯದ ಮೆಟ್ಟಿಲೇರಿದ. ಹತ್ತು ವರ್ಷಗಳ ಬಳಿಕ, 2019ರಲ್ಲಿ, ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲವೂ ತೆರೆಯದಂತಾದವು. ಆಗಲೂ ಹಣವೇನೋ ಮರಳಿತು. ಮೈಸ್ಪೇಸ್ ಜಾಲತಾಣವು ಸರ್ವರ್ ಬದಲಾಯಿಸುವಾಗ ಬಳಕೆದಾರರು ಹನ್ನೆರಡು ವರ್ಷ ಕೂಡಿಟ್ಟಿದ್ದ ಹಾಡುಗಳನ್ನು ಕಳೆದುಕೊಂಡಿದ್ದು ಬಯಲಾದದ್ದೂ ಅದೇ ವರ್ಷ. ಅಲ್ಲಿ ಮರಳಿಸಲು ಹಣದ ಪ್ರಶ್ನೆಯೂ ಇರಲಿಲ್ಲ. ಮಾರುವುದು ಪರವಾನಗಿಯನ್ನಷ್ಟೇ ಆಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿದ್ದು 2024ರಲ್ಲಿ. ಇಷ್ಟು ಸರಳವಾದ ಮಾತನ್ನು ಹೇಳಿಸಲು ಕಾನೂನೇ ಬೇಕಾಯಿತು!

ಕಪಾಟಿನಲ್ಲಿರುವ ಪುಸ್ತಕವನ್ನು ಹೀಗೆ ಯಾರೂ ಹಿಂತೆಗೆದುಕೊಳ್ಳಲಾರರು. ಅದನ್ನು ಎರವಲು ಕೊಡಲು, ಉಡುಗೊರೆಯಾಗಿ ನೀಡಲು, ಹಳೆಯ ಪುಸ್ತಕದ ಅಂಗಡಿಗೆ ಮಾರಲು ಅಥವಾ ಮಗನಿಗೆ ಬಿಟ್ಟುಹೋಗಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೂ ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾನು ಹೇಳಲಾರೆ. ಮತ್ತೆ ಮತ್ತೆ ಕೈ ಹೋಗುವಂಥವು, ಬೇರೆಲ್ಲೂ ದೊರಕದಂಥವು ಉಳಿಯಲಿ. ಉಳಿದವನ್ನು ಬೇಕಾದವರಿಗೆ ಕೊಡಿ. ಕ್ಯಾಸೆಟ್‌ಗಳ ವಿಷಯದಲ್ಲಿ ಮಾತ್ರ ತಡಮಾಡಬೇಡಿ. ಟೇಪಿನ ಮೇಲೆ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಕಾಲಕ್ರಮೇಣ ತೇವ ಹೀರಿ ಹಾಳಾಗಬಹುದು. ಮನೆಯವರ ದನಿಯಿರುವ ಟೇಪುಗಳಿದ್ದರೆ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಡಿಜಿಟಲ್ ಪ್ರತಿಯ ನಿಜವಾದ ಉಪಕಾರವಿರುವುದು ಇಂಥ ಕಡೆ.

ಪ್ರಶ್ನೆ: ಎಲ್‌ಪಿ ರೆಕಾರ್ಡಿನ ಧ್ವನಿ ಸಿಡಿಗಿಂತ, ಮೊಬೈಲಿಗಿಂತ ಉತ್ತಮವೆಂದು ಗೆಳೆಯರು ವಾದಿಸುತ್ತಾರೆ. ಇದು ಸತ್ಯವೇ?

ಉತ್ತರ: ಅಳತೆಗೆ ಸಿಗುವ ಗುಣಗಳಲ್ಲಿ ಸತ್ಯವಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ, ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ದಾಖಲಿಸುತ್ತದೆ. ಅತಿ ಮೆಲುದನಿಯಿಂದ ಅತಿ ಏರುದನಿಯವರೆಗಿನ ಅಂತರವನ್ನು ಅದು ಹಿಡಿದಿಡುವಷ್ಟು ರೆಕಾರ್ಡಿನ ಗೀರು ಹಿಡಿದಿಡಲಾರದು. ಮುಳ್ಳು ಒಳಸುತ್ತುಗಳಿಗೆ ಸರಿದಂತೆ ಪ್ರತಿ ಸೆಕೆಂಡಿನ ಧ್ವನಿಗೆ ಸಿಗುವ ಗೀರಿನ ಉದ್ದ ಕಡಿಮೆಯಾಗುವುದರಿಂದ ಕೊನೆಯ ಹಾಡಿನಲ್ಲಿ ಸ್ವರ ಸ್ವಲ್ಪ ಒಡೆಯುವುದೂ ಉಂಟು. ಮೇಲಾಗಿ ಇಂದು ಹೊಸದಾಗಿ ಬರುವ ಎಷ್ಟೋ ರೆಕಾರ್ಡುಗಳು ತಯಾರಾಗುವುದೇ ಡಿಜಿಟಲ್ ಮೂಲಪ್ರತಿಯಿಂದ. ಆ ಧ್ವನಿಯೇ ನಿಮ್ಮ ಗೆಳೆಯರಿಗೆ ಹಿತವೆನಿಸಿದರೆ ಅದು ಅವರ ರುಚಿ. ಅದರ ಬಗ್ಗೆ ತಕರಾರಿಲ್ಲ.

ಹಾಗಿದ್ದೂ ಅಮೆರಿಕದಲ್ಲಿ 2022ರಲ್ಲಿ, 1987ರ ನಂತರ ಮೊದಲ ಬಾರಿಗೆ, ಸಿಡಿಗಳಿಗಿಂತ ಹೆಚ್ಚು ರೆಕಾರ್ಡುಗಳು ಮಾರಾಟವಾದವು. ಇದಕ್ಕೆ ಕಾರಣವನ್ನು ಧ್ವನಿಗಿಂತ ಕೇಳುವ ರೀತಿಯಲ್ಲಿ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ. ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಲಕೋಟೆಯಿಂದ ಹೊರತೆಗೆದು, ಧೂಳೊರೆಸಿ, ಮುಳ್ಳನ್ನು ಹೊರಸುತ್ತಿನ ಮೇಲೆ ಮೆಲ್ಲನೆ ಇಳಿಸಿದರೆ ಮೊದಲು ಕೇಳುವುದು ಒಂದೆರಡು ಸೆಕೆಂಡಿನ ಚಿಟಪಟ ಸದ್ದು, ಆಮೇಲೆ ಸಂಗೀತ. ಸುಮಾರು ಇಪ್ಪತ್ತು ನಿಮಿಷಕ್ಕೆ ಒಂದು ಬದಿ ಮುಗಿಯುತ್ತದೆ. ಮುಂದೆ ಕೇಳಬೇಕೆಂದರೆ ಎದ್ದುಹೋಗಿ ತಿರುಗಿಸಿ ಹಾಕಬೇಕು. ಹಾಡನ್ನು ಅರ್ಧಕ್ಕೇ ಹಾರಿಸಿ ಮುಂದೆ ಹೋಗುವುದು ಅಸಾಧ್ಯವಲ್ಲ, ಆದರೆ ಪ್ರಯಾಸದ ಕೆಲಸ. ಆದ್ದರಿಂದ ಮೊದಲಿಗೆ ಹಿಡಿಸದ ಹಾಡೂ ಕಿವಿಗೆ ಬೀಳುತ್ತದೆ, ಕೆಲವೊಮ್ಮೆ ನಾಲ್ಕನೆಯ ಸಲಕ್ಕೆ ಅದೇ ಅಚ್ಚುಮೆಚ್ಚಾಗುತ್ತದೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಮುಂದೊಡ್ಡುವ ಆ್ಯಪ್‌ಗಳಲ್ಲಿ ಇಂಥ ಅವಕಾಶ ಕಡಿಮೆ. ರೆಕಾರ್ಡು ಕೊಂಡು, ಕೇಳದೆ ಗೋಡೆಗೆ ತೂಗುಹಾಕುವವರೂ ಇದ್ದಾರೆ, ಅದಿರಲಿ.

ಪ್ರಶ್ನೆ: ಮಗಳು ಪಠ್ಯವನ್ನೆಲ್ಲ ಟ್ಯಾಬ್ಲೆಟ್‌ನಲ್ಲೇ ಓದುತ್ತಾಳೆ. ಮುದ್ರಿತ ಪುಸ್ತಕವೇ ಬೇಕೆಂದು ಒತ್ತಾಯಿಸಬೇಕೆ?

ಉತ್ತರ: ಕಲಿಯಲೆಂದು ಓದುವುದಾದರೆ ಮುದ್ರಿತ ಪ್ರತಿಯನ್ನು ಕೈಗೆ ಕೊಡುವುದು ಒಳ್ಳೆಯದು. 2018ರಲ್ಲಿ ಸ್ಪೇನಿನ ಸಂಶೋಧಕರ ನೇತೃತ್ವದಲ್ಲಿ, ಒಟ್ಟು 1,70,000ಕ್ಕೂ ಹೆಚ್ಚು ಜನರು ಭಾಗವಹಿಸಿದ್ದ 54 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಮಾಹಿತಿಪರ ಬರಹವನ್ನು ಕಾಗದದಲ್ಲಿ ಓದಿದವರ ಗ್ರಹಿಕೆ ಪರದೆಯ ಮೇಲೆ ಓದಿದವರಿಗಿಂತ ಉತ್ತಮವಾಗಿತ್ತು. ವ್ಯತ್ಯಾಸ ಬಹಳ ದೊಡ್ಡದೇನಲ್ಲ. ಸಮಯದ ಒತ್ತಡವಿದ್ದಾಗ ಅದು ಎದ್ದುಕಾಣುತ್ತಿತ್ತು, ಕಥೆಗಳನ್ನಷ್ಟೇ ಓದುವಾಗ ಕಾಣಲಿಲ್ಲ. ಪುಸ್ತಕದಲ್ಲಿ ಓದಿದ ಒಂದು ಮಾತು ಎಡಪುಟದ ಕೆಳತುದಿಯಲ್ಲಿತ್ತು, ಚಿತ್ರದ ಪಕ್ಕದಲ್ಲಿತ್ತು ಎಂದು ನೆನಪಾಗುವುದು ನಮಗೆಲ್ಲ ಪರಿಚಿತ ಅನುಭವ. ಎಷ್ಟು ಓದಿದ್ದಾಯಿತು, ಎಷ್ಟು ಉಳಿಯಿತು ಎಂಬುದು ಬೆರಳಿಗೇ ತಿಳಿಯುತ್ತಿರುತ್ತದೆ. ಸರಿಯುತ್ತಲೇ ಇರುವ ಪರದೆಯಲ್ಲಿ ಅಂಥ ಗುರುತುಗಳು ನಿಲ್ಲುವುದಿಲ್ಲ. ಕಥೆ, ಕಾದಂಬರಿಗಳನ್ನು ಅವಳು ಟ್ಯಾಬ್ಲೆಟ್‌ನಲ್ಲಿ ಓದಿಕೊಂಡರೆ ಬೇಡವೆನ್ನಬೇಡಿ. ಅಕ್ಷರ ದೊಡ್ಡದು ಮಾಡಿಕೊಳ್ಳಬಲ್ಲ ಆ ಸಾಧನ ಕಣ್ಣು ಮಂಜಾದವರಿಗಂತೂ ವರವೇ ಸರಿ.

ಪ್ರಶ್ನೆ: ಮೊಬೈಲಿನಲ್ಲಿ ಸಾವಿರಾರು ಫೋಟೋಗಳಿವೆ. ಮುದ್ರಿಸಿಡುವುದು ವ್ಯರ್ಥ ಖರ್ಚೇ?

ಉತ್ತರ: ಎಲ್ಲವನ್ನೂ ಮುದ್ರಿಸಿದರೆ ವ್ಯರ್ಥ. ಇಂಟರ್‌ನೆಟ್‌ನ ಜನಕರಲ್ಲೊಬ್ಬರೆನಿಸಿದ ವಿಂಟ್ ಸರ್ಫ್ ಅವರೇ 2015ರಲ್ಲಿ, ನಿಜಕ್ಕೂ ಬೇಕೆನಿಸುವ ಚಿತ್ರಗಳನ್ನು ಮುದ್ರಿಸಿಟ್ಟುಕೊಳ್ಳಿ ಎಂದು ಸಲಹೆ ಕೊಟ್ಟರು. ಇಂದಿನ ಕಡತಗಳನ್ನು ತೆರೆಯುವ ತಂತ್ರಾಂಶವೇ ಮುಂದೆ ಇಲ್ಲದೆ ಹೋದೀತೆಂಬುದು ಅವರ ಆತಂಕವಾಗಿತ್ತು. ವರ್ಷಕ್ಕೊಮ್ಮೆ ಕುಳಿತು, ಇಪ್ಪತ್ತು ಮೂವತ್ತು ಚಿತ್ರಗಳನ್ನು ಆರಿಸಿ ಮುದ್ರಿಸಿ. ಬಿಸಿಲು, ತೇವ ತಾಗದ ಕಡೆ ಆಲ್ಬಮ್ ಇರಲಿ. ಪ್ರತಿ ಚಿತ್ರದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ, ಒತ್ತದೆ, ಅದರಲ್ಲಿರುವವರ ಹೆಸರು ಮತ್ತು ತಾರೀಕು ಬರೆಯಿರಿ. ಬಾಲ್‌ಪೆನ್ ಬೇಡ: ಅದರ ಒತ್ತು ಮುಂಬದಿಗೆ ಮೂಡುತ್ತದೆ, ಶಾಯಿ ಪಕ್ಕದ ಚಿತ್ರಕ್ಕೆ ಅಂಟುತ್ತದೆ.