ಕೋವಿಡ್ ನಂತರ ಚೀನಾದ ಬೆಲೆಗೆ ಸರಿಗಟ್ಟಲು ಸಣ್ಣ ಕಾರ್ಖಾನೆಯವರು ಸಾಲ ಮಾಡಿ ಹೊಸ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಕೊಳ್ಳಬೇಕೇ?

2020ರ ಕೊನೆಯಲ್ಲಿ ಪೀಣ್ಯದ ನನ್ನ ಶೆಡ್ಡಿನಲ್ಲಿ ಎದ್ದಿದ್ದ ಪ್ರಶ್ನೆಯೂ ಇದೇ. ಯಂತ್ರ ಕೊಂಡೆ, ಅದು ಇಂದಿಗೂ ಚೆನ್ನಾಗಿಯೇ ಓಡುತ್ತಿದೆ. ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ.

ಅಲ್ಲಿಯವರೆಗೆ ನಾವು ಮಾಡುತ್ತಿದ್ದುದು ಬರೀ ಜಾಬ್ ವರ್ಕ್. ಕಂಪನಿಯವರೇ ಉಕ್ಕಿನ ಸರಳು ಕಳುಹಿಸುತ್ತಿದ್ದರು, ನಾವು ಟರ್ನಿಂಗ್ (ಸರಳನ್ನು ತಿರುಗಿಸಿ ಕಡೆಯುವುದು) ಮಾಡಿಕೊಟ್ಟು ಕೂಲಿ ಪಡೆಯುತ್ತಿದ್ದೆವು. ಲಾಕ್‌ಡೌನ್ ಮುಗಿದ ಮೇಲೆ ಅದೇ ಗಿರಾಕಿ, ಇನ್ನು ಮುಂದೆ ಸರಕನ್ನೂ (ಎಂದರೆ ಉಕ್ಕನ್ನೂ) ನೀವೇ ಹಾಕಿಕೊಳ್ಳಿ, ವರ್ಷಕ್ಕೆ ಒಂದೇ ದರ ಎಂದರು. ದೊಡ್ಡ ಆರ್ಡರೆಂದು ಒಪ್ಪಿಕೊಂಡೆ. ಉಕ್ಕಿನ ಬೆಲೆ ಏರಿದರೆ ದರ ಪರಿಷ್ಕರಿಸಬೇಕೆಂಬ ಒಂದು ಸಾಲನ್ನು ಪರ್ಚೇಸ್ ಆರ್ಡರಿನಲ್ಲಿ ಬರೆಸಲಿಲ್ಲ. ಇದನ್ನು ಬಿಡಿಸಿಯೇ ಹೇಳಬೇಕು. 2021ರಲ್ಲಿ ಉಕ್ಕು ದುಬಾರಿಯಾಗುತ್ತಲೇ ಹೋಯಿತು. ನಾವು ಹಣ ತೆರುವುದು ಸರಳಿನ ಪೂರ್ತಿ ತೂಕಕ್ಕೆ, ಬಿಲ್ಲು ಹಾಕುವುದು ಕಡೆದು ಉಳಿದ ಬಿಡಿಭಾಗಕ್ಕೆ. ಸುರುಳಿಯಾಗಿ ಉದುರಿದ್ದೆಲ್ಲ ಗುಜರಿ ದರಕ್ಕೆ ಹೋಗುತ್ತದೆ. ಉಕ್ಕಿನ ವ್ಯಾಪಾರಿಗೆ ಕೈಯಲ್ಲೇ ನಗದು ಕೊಡಬೇಕು, ಗಿರಾಕಿಯ ಹಣ ಮೂರು ತಿಂಗಳ ಮೇಲೆ ಬರುತ್ತದೆ, ಅದು ಬರಲಿ ಬಿಡಲಿ ಮರುತಿಂಗಳೇ ಜಿಎಸ್‌ಟಿ ಕಟ್ಟಬೇಕು. ಹೀಗಾಗಿ ಹೆಚ್ಚು ತಯಾರಿಸಿದಷ್ಟೂ ಹೆಚ್ಚು ನಷ್ಟವಾಯಿತು, ಕೇಂದ್ರದ ಖಾತರಿಯ ಮೇಲೆ ಅಡಮಾನವಿಲ್ಲದೆ ಸಿಕ್ಕಿದ್ದ ತುರ್ತು ಸಾಲವೂ ಆ ಉಕ್ಕಿಗೇ ಸುರಿದುಹೋಯಿತು.

ಆದ್ದರಿಂದ ಯಂತ್ರ ಬಂದರೆ ಚೀನಾದ ಬೆಲೆಗೆ ಇಳಿಯಬಹುದೆಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಕೇಂದ್ರದ 1.97 ಲಕ್ಷ ಕೋಟಿ ರೂಪಾಯಿಯ ಪಿಎಲ್‌ಐ (ಉತ್ಪಾದನೆ ಆಧಾರಿತ ಪ್ರೋತ್ಸಾಹಧನ) ಯೋಜನೆಯನ್ನೂ ನಂಬಿ ಕೂರಬೇಡಿ. ಅದರ ಪ್ರೋತ್ಸಾಹಧನ ಹೆಚ್ಚುವರಿ ಮಾರಾಟಕ್ಕೆ ಸಿಗುವಂಥದ್ದು, ನಮ್ಮಂಥ ಶೆಡ್ಡುಗಳಿಗೆ ಅದು ತಲುಪಿದರೆ ದೊಡ್ಡವರ ಆರ್ಡರಿನ ರೂಪದಲ್ಲಿ ಮಾತ್ರ. ನಮಗೆಂದೇ ಇರುವುದು 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ. ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹಣ ಕೊಡಲು 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಮುಂದಿನ ಆರ್ಡರು ತಪ್ಪೀತೆಂದು ಹೆದರಿ ದೂರು ಕೊಡುವವರು ವಿರಳ (ನಾನೂ ಕೊಡಲಿಲ್ಲ). ಜಗಳವಿಲ್ಲದ ದಾರಿ ಟ್ರೆಡ್ಸ್ ಎಂಬ ಆನ್‌ಲೈನ್ ಬಿಲ್ಲು ವೇದಿಕೆ: ಗಿರಾಕಿ ಬಿಲ್ಲನ್ನು ಅಲ್ಲಿ ಒಪ್ಪಿಕೊಂಡರೆ ಬ್ಯಾಂಕು ತನ್ನ ಬಡ್ಡಿ ಮುರಿದುಕೊಂಡು ಮೊದಲೇ ಹಣ ಕೊಡುತ್ತದೆ, ಗಿರಾಕಿ ಕೊಡದಿದ್ದರೂ ನಿಮ್ಮ ಬೆನ್ನು ಹತ್ತುವುದಿಲ್ಲ.

ಇದಕ್ಕೆಲ್ಲ ಬೇಕಾದ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಆಗಿರದಿದ್ದರೆ ಈ ವಾರವೇ ಮಾಡಿಸಿ. ಮುಂದಿನ ಪರ್ಚೇಸ್ ಆರ್ಡರಿನಲ್ಲಿ ಮೂರು ತಿಂಗಳಿಗೊಮ್ಮೆ ಸರಕಿನ ದರ ಪರಿಷ್ಕರಣೆಯ ಸಾಲು ಬರೆಸಿ. ಒಪ್ಪದಿದ್ದರೆ ಸರಕು ಅವರೇ ಕಳುಹಿಸಲಿ. ಈಗಿರುವ ಯಂತ್ರಕ್ಕೆ ಎರಡು ಪಾಳಿ ತುಂಬುವಷ್ಟು ಕೆಲಸವಿಲ್ಲದಿದ್ದರೆ ಹೊಸದರ ಕೊಟೇಶನ್ ಕೂಡ ತರಿಸಬೇಡಿ.