ನ್ಯಾನೊ ಕಣದಿಂದ ಕರೆಂಟ್ ಹುಟ್ಟುತ್ತಾ? ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗೋಡೆಗೆ ನ್ಯಾನೊ ಪೇಂಟ್ ಬಳಿದರೆ ಸಾಕು, ಮನೆಗೆ ಬೇಕಾದ ಕರೆಂಟ್ ಅದರಿಂದಲೇ ಬರುತ್ತದೆ ಅಂತ ಒಂದು ವಿಡಿಯೊ ನೋಡಿದೆ. ನಿಜವಾ? ನ್ಯಾನೊ ಅಂದರೆ ಅಷ್ಟೊಂದು ಶಕ್ತಿ ತುಂಬಿರುವ ವಸ್ತುವಾ?

ಉತ್ತರ: ದಯವಿಟ್ಟು ಅದಕ್ಕೆ ದುಡ್ಡು ಕೊಡಬೇಡಿ. ಬಿಸಿಲನ್ನು ಕರೆಂಟ್ ಮಾಡುವ, ಬಳಿಯಲು ಬರುವ ಶಾಯಿಗಳು ಪ್ರಯೋಗಾಲಯಗಳಲ್ಲಿ ಇವೆ, ಅದು ಸುಳ್ಳಲ್ಲ. ಆದರೆ ಹುಟ್ಟಿದ ಕರೆಂಟನ್ನು ಹೊರಗೆ ತರಲು ಕೆಳಗೊಂದು ಮೇಲೊಂದು ಕರೆಂಟ್ ಹರಿಯುವ ಪದರ ಬೇಕು, ತಂತಿ ಬೇಕು, ತೇವ ತಾಗದಂತೆ ಮುಚ್ಚಬೇಕು, ಇಷ್ಟೆಲ್ಲ ಮಾಡಿದ ಮೇಲೆ ಅದು ಪೇಂಟ್ ಆಗಿ ಉಳಿಯುವುದಿಲ್ಲ, ಸೋಲಾರ್ ಪ್ಯಾನೆಲ್ಲೇ ಆಗುತ್ತದೆ.

ಇನ್ನು ನ್ಯಾನೊ ಅನ್ನುವುದು ವಸ್ತುವಿನ ಹೆಸರೇ ಅಲ್ಲ, ಅದೊಂದು ಅಳತೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲು ಸುಮಾರು 80,000 ನ್ಯಾನೊಮೀಟರ್ ದಪ್ಪ. ಅಷ್ಟು ಸಣ್ಣದು ಮಾಡಿ ಏನು ಲಾಭ ಅಂತೀರಾ? ಎಲ್ಲ ಕಡೆಯೂ ಒಂದೊಂದು ಸೆಂಟಿಮೀಟರ್ ಇರುವ, ದಾಳದಂಥ ಒಂದು ತುಂಡನ್ನು ನೆನೆಸಿಕೊಳ್ಳಿ. ಆರು ಮುಖ ಸೇರಿ 6 ಚದರ ಸೆಂಟಿಮೀಟರ್, ಅಷ್ಟೇ. ಅದನ್ನೇ ಒಂದೊಂದು ನ್ಯಾನೊಮೀಟರ್ ಚೂರಾಗಿ ಕತ್ತರಿಸಿದರೆ ಎಲ್ಲ ಚೂರುಗಳ ಮೈ ಸೇರಿ 6,000 ಚದರ ಮೀಟರ್, ಹತ್ತಿರ ಹತ್ತಿರ ಒಂದೂವರೆ ಎಕರೆ! ತೂಕ ಮಾತ್ರ ಮೊದಲಿನಷ್ಟೇ. ಹೈಡ್ರೋಜನ್‌ನಂಥ ಇಂಧನದಿಂದ ನೇರವಾಗಿ ಕರೆಂಟ್ ಮಾಡುವ ಫ್ಯುಯೆಲ್ ಸೆಲ್‌ನಲ್ಲಿ ಪ್ಲಾಟಿನಂ ಕೆಲಸ ಮಾಡುವುದು ಹೊರಮೈಯಲ್ಲಿ ಮಾತ್ರ, ಒಳಗೆ ಹುದುಗಿದ್ದು ದಂಡ. ಅದಕ್ಕೇ ಆ ದುಬಾರಿ ಲೋಹವನ್ನು ಕೆಲವೇ ನ್ಯಾನೊಮೀಟರ್ ಕಣಗಳಾಗಿ ಇಂಗಾಲದ ಮೇಲೆ ಚೆಲ್ಲಿರುತ್ತಾರೆ.

ಹಾಗಾಗಿ ನ್ಯಾನೊ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಬಿಸಿಲೋ ಗಾಳಿಯೋ ಇಂಧನವೋ, ಅದು ಬೇರೆ ಕಡೆಯಿಂದಲೇ ಬರಬೇಕು. ದಾರಿಯಲ್ಲಿ ಪೋಲಾಗುವುದನ್ನು ಇದು ತಡೆಯುತ್ತದೆ, ಮತ್ತು ನನ್ನ ಲೆಕ್ಕದಲ್ಲಿ ಅದೇನು ಸಣ್ಣ ಕೆಲಸ ಅಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಗಾಡಿ ತಗೊಳ್ಳಬೇಕು ಅಂತಿದ್ದೇನೆ. ಎಲ್‌ಎಫ್‌ಪಿ ಬ್ಯಾಟರಿಯಲ್ಲೂ ನ್ಯಾನೊ ಇದೆಯಂತೆ, ಹೌದಾ? ಸಿಲಿಕಾನ್ ಬ್ಯಾಟರಿ ಬರುವವರೆಗೆ ಕಾಯಲಾ?

ಉತ್ತರ: ಎಲ್‌ಎಫ್‌ಪಿ ಕಥೆ ನನಗೆ ತುಂಬಾ ಇಷ್ಟ. ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಸೇರಿದ ಈ ವಸ್ತುವನ್ನು ಬ್ಯಾಟರಿ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ತಂಡ 1997ರಲ್ಲಿ ಪ್ರಕಟಿಸಿತು. ಅಗ್ಗ, ಬೇಗ ಬೆಂಕಿ ಹತ್ತುವುದಿಲ್ಲ, ಕೋಬಾಲ್ಟ್ ಬೇಡ. ಎಲ್ಲ ಚೆನ್ನಾಗಿತ್ತು, ಆದರೆ ಕರೆಂಟ್ ಅದರೊಳಗೆ ಸರಿಯಾಗಿ ಹರಿಯುತ್ತಲೇ ಇರಲಿಲ್ಲ. ಆಮೇಲೆ ಸಂಶೋಧಕರು ಎರಡು ಕೆಲಸ ಮಾಡಿದರು. ಕಣಗಳಿಗೆ ಇಂಗಾಲದ ತೆಳುವಾದ ಲೇಪ ಕೊಟ್ಟರು, ಕಣಗಳನ್ನೇ ಸಣ್ಣದು ಮಾಡಿದರು. ಕರೆಂಟ್ ಹರಿಯಬೇಕಾದರೆ ಲಿಥಿಯಂ ಆ ಕಣಗಳ ಒಳಗಿಂದ ನುಸುಳಿಕೊಂಡು ಹೊರಗೆ ಬರಬೇಕು ಅಲ್ವಾ? ಕಣದ ಗಾತ್ರ ಹತ್ತರಲ್ಲಿ ಒಂದಾದರೆ ಅದಕ್ಕೆ ಹಿಡಿಯುವ ಹೊತ್ತು ನೂರರಲ್ಲಿ ಒಂದಾಗುತ್ತದೆ. ವಸ್ತು ಅದೇ, ದಾರಿ ಹತ್ತಿರವಾಯಿತು. ಕೈಬಿಡಬಹುದಾಗಿದ್ದ ಒಂದು ಪುಡಿ ಇವತ್ತು ಲಕ್ಷಾಂತರ ಗಾಡಿಗಳನ್ನು ಓಡಿಸುತ್ತಿದೆ.

ಸಿಲಿಕಾನ್ ವಿಷಯ ಸ್ವಲ್ಪ ಕಷ್ಟದ್ದು. ಈಗ ಬ್ಯಾಟರಿಯ ಒಂದು ತುದಿಯಲ್ಲಿ ಇರುವುದು ಗ್ರಾಫೈಟ್, ಅದು ಒಂದು ಗ್ರಾಮಿಗೆ ಹಿಡಿಯುವುದು 372 ಮಿಲಿಆಂಪ್-ಗಂಟೆ. ಸಿಲಿಕಾನ್ ಲೆಕ್ಕದ ಪ್ರಕಾರ ಸುಮಾರು 3,600 ಹಿಡಿಯುತ್ತದೆ. ಆದರೆ ಲಿಥಿಯಂ ಕುಡಿದು ಅದು ಮೂರು ಪಟ್ಟಿಗಿಂತ ಜಾಸ್ತಿ ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ, ಉಬ್ಬಿ ಕುಗ್ಗಿ ಬಿರುಕು ಬಿಟ್ಟು ಪುಡಿಪುಡಿಯಾಗುತ್ತದೆ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಯಿ ಸುಯಿ ತಂಡ ಸಿಲಿಕಾನನ್ನು ಹುಲ್ಲಿನ ಎಸಳಿನ ಹಾಗೆ ನ್ಯಾನೊ ತಂತಿಗಳಾಗಿ ಬೆಳೆಸಿ ತೋರಿಸಿತು. ಎಸಳುಗಳ ನಡುವೆ ಜಾಗ ಇರುವುದರಿಂದ ಉಬ್ಬಿದರೂ ಮುರಿಯುವುದಿಲ್ಲ. ಹಾಗಂತ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮೈ ಜಾಸ್ತಿಯಾದರೆ ಬೇಡದ ರಾಸಾಯನಿಕ ಕ್ರಿಯೆಯೂ ಜಾಸ್ತಿ, ಬ್ಯಾಟರಿಯ ದ್ರವ ಆ ಮೈಯನ್ನೆಲ್ಲ ಅಂಟಿಕೊಂಡು ಲಿಥಿಯಂ ತಿಂದುಹಾಕುತ್ತದೆ. ಅದಕ್ಕೇ ಈಗ ಕೆಲವು ಫೋನು, ಕಾರುಗಳ ಬ್ಯಾಟರಿಯಲ್ಲಿ ಗ್ರಾಫೈಟ್ ಜೊತೆ ಸಿಲಿಕಾನನ್ನು ಸ್ವಲ್ಪವೇ ಬೆರೆಸುತ್ತಾರೆ. ನಿಮಗೆ ಗಾಡಿ ಈಗಲೇ ಬೇಕಿದ್ದರೆ ಈಗಲೇ ತಗೊಳ್ಳಿ, ಸುಮ್ನೆ ಕಾಯಬೇಡಿ.

ಪ್ರಶ್ನೆ: ಸೋಲಾರ್ ಪ್ಯಾನೆಲ್ ಬಿಸಿಲಿನ ಐದನೇ ಒಂದು ಭಾಗವನ್ನಷ್ಟೇ ಕರೆಂಟ್ ಮಾಡುತ್ತದಂತೆ. ಉಳಿದದ್ದು ಎಲ್ಲಿ ಹೋಗುತ್ತದೆ?

ಉತ್ತರ: ಬಹುಪಾಲು ಬಿಸಿಯಾಗಿ ಹೋಗುತ್ತದೆ. ಸಿಲಿಕಾನ್‌ಗೆ ನೀಲಿ ಬೆಳಕಿನ ಶಕ್ತಿ ಬೇಕಾದ್ದಕ್ಕಿಂತ ಜಾಸ್ತಿ, ಹೆಚ್ಚಿನದ್ದು ಶಾಖವಾಗುತ್ತದೆ. ಕೆಂಪಿನ ಆಚೆಗಿನ ಕಿರಣಗಳಲ್ಲಿ ಬಹಳಷ್ಟರ ಶಕ್ತಿ ಸಾಲದು, ಅವನ್ನು ಹಿಡಿಯುವುದೇ ಇಲ್ಲ. ಒಂದೇ ವಸ್ತುವಿನ ಸೆಲ್‌ಗೆ ದಾಟಲಾರದ ಒಂದು ಮಿತಿ ಇದೆ ಅಂತ ಶಾಕ್ಲಿ ಮತ್ತು ಕ್ವೈಸರ್ ಅನ್ನುವ ವಿಜ್ಞಾನಿಗಳು 1961ರಲ್ಲೇ ಲೆಕ್ಕ ಹಾಕಿ ಹೇಳಿದ್ದರು, ಈಗಿನ ಲೆಕ್ಕದಲ್ಲಿ ಅದು ಸುಮಾರು ಶೇ 33. ಈಗ ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಅನ್ನುವ, ಕೆಲವು ನೂರು ನ್ಯಾನೊಮೀಟರ್ ದಪ್ಪದ ಪದರ ಹಾಕಿ ನೀಲಿಯನ್ನು ಮೇಲೆ, ಕೆಂಪನ್ನು ಕೆಳಗೆ ಹಿಡಿಯುತ್ತಾರೆ. ಪ್ರಯೋಗಾಲಯದ ಸಣ್ಣ ಸೆಲ್‌ಗಳು ಆ ಶೇ 33ರ ಗೆರೆಯನ್ನು ದಾಟಿಯಾಗಿದೆ. ತೇವ, ಬಿಸಿ ತಡೆದು ವರ್ಷಾನುಗಟ್ಟಲೆ ಬಾಳಬೇಕು, ತೊಡಕು ಅಲ್ಲಿದೆ.

ಒಮ್ಮೆ ಹಳೆಯ ನೀಲಿ ಪ್ಯಾನೆಲ್ ಒಂದನ್ನು ಹತ್ತಿರದಿಂದ ನೋಡಿ. ಸಿಲಿಕಾನ್ ಬಣ್ಣ ನಿಜಕ್ಕೂ ಬೂದು, ಕನ್ನಡಿಯ ಹಾಗೆ ಹೊಳೆಯುತ್ತದೆ, ಬಿದ್ದ ಬೆಳಕಿನ ಮೂರನೇ ಒಂದು ಭಾಗದಷ್ಟನ್ನು ವಾಪಸ್ ಎಸೆಯುತ್ತದೆ. ಆ ನೀಲಿ ಬರುವುದು ಅದರ ಮೇಲೆ ಕೂರಿಸಿದ ಸುಮಾರು 80 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಪದರದಿಂದ. ಅದು ಬೆಳಕನ್ನು ಒಳಗೇ ಉಳಿಸುತ್ತದೆ. ಯಾರೂ ನ್ಯಾನೊ ಅಂತ ಬೋರ್ಡ್ ಹಾಕದೆ ದಶಕಗಳಿಂದ ಛಾವಣಿಗಳ ಮೇಲೆ ಕೆಲಸ ಮಾಡುತ್ತಿರುವ ನ್ಯಾನೊ ಅದು.

ಪ್ರಶ್ನೆ: ಇಷ್ಟು ಸಣ್ಣ ಕಣಗಳು ಮೈಯೊಳಗೆ ಹೋದರೆ ಅಪಾಯ ಇಲ್ಲವಾ?

ಉತ್ತರ: ಇದೆ, ಯಾವುದು ಅನ್ನುವುದರ ಮೇಲೆ. ಪ್ಯಾನೆಲ್ ಗಾಜಿನ ಕೆಳಗೆ, ಬ್ಯಾಟರಿಯ ಮುಚ್ಚಿದ ಡಬ್ಬಿಯಲ್ಲಿ ಇರುವ ಕಣ ನಿಮ್ಮ ಮೂಗಿಗೆ ಬರುವುದಿಲ್ಲ. ಒಣ ಪುಡಿಯನ್ನು ತಯಾರಿಸುವವರಿಗೆ, ಹಳೆಯದನ್ನು ಒಡೆದು ಗುಜರಿ ಮಾಡುವವರಿಗೆ ಭಯ ಜಾಸ್ತಿ. ಇಂಗಾಲದಿಂದ ಮಾಡಿದ, ನ್ಯಾನೊ ದಪ್ಪದ ಉದ್ದನೆಯ ಗಟ್ಟಿ ಕಾರ್ಬನ್ ನಳಿಕೆಗಳು ಇಲಿಗಳ ಮೈಯಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಎಳೆಗಳಂತೆಯೇ ಹಾನಿ ಮಾಡಿದ್ದನ್ನು 2008ರ ಪ್ರಯೋಗ ತೋರಿಸಿದೆ. ಪೆರೋವ್‌ಸ್ಕೈಟ್‌ನಲ್ಲಿ ಸೀಸವೂ ಇರುತ್ತದೆ. ಕೆಲಸ ಮಾಡುವವರಿಗೆ ಸರಿಯಾದ ಮಾಸ್ಕ್, ಗಾಳಿ ಹೀರುವ ವ್ಯವಸ್ಥೆ ಇರಲೇಬೇಕು, ಇದರಲ್ಲಿ ಮಾತೇ ಇಲ್ಲ. ನೀವಂತೂ ಉಬ್ಬಿದ ಬ್ಯಾಟರಿಯನ್ನು ಕುತೂಹಲಕ್ಕೂ ಬಿಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ.