ನಾನು ಮಗ ಅಲ್ಲ, ಮಗಳು ಅಂತ ಮನೆಯವರಿಗೆ ಹೇಳುವುದು ಹೇಗೆ?

ನಿಮಗೆ 24 ವರ್ಷ, ವಿಜಯಪುರದಲ್ಲಿ ನೌಕರಿ, ಊರು ಮುದ್ದೇಬಿಹಾಳದ ಕಡೆ. ಹುಟ್ಟಿದಾಗ ಗಂಡು ಅಂದರು, ಆದರೆ ನೀವು ಹೆಣ್ಣು. ಹಾರ್ಮೋನ್ ಶುರು ಮಾಡುವ ಮೊದಲು ಮನೆಯವರಿಗೆ ಒಮ್ಮೆಲೇ ಹೇಳಬೇಕಾ, ಸ್ವಲ್ಪ ಸ್ವಲ್ಪವಾಗಿ ಒಪ್ಪಿಸಬೇಕಾ ಅಂತ ಕೇಳಿದ್ದೀರಿ. ನಾನೂ ಟ್ರಾನ್ಸ್ ಹೆಣ್ಣುಮಗಳು. ಊರು ಜಮಖಂಡಿ ಹತ್ತಿರ, ಕಬ್ಬು ಬೆಳೆಯುವ ಮನೆತನ. ಈಗ ಬೆಳಗಾವಿಯಲ್ಲಿ ಕೆಲಸ ಮಾಡುತ್ತೇನೆ.

ಸ್ವಲ್ಪ ಸ್ವಲ್ಪವಾಗಿಯೇ ಹೇಳಿ, ಒಬ್ಬೊಬ್ಬರಿಗೆ. ಅದಕ್ಕೂ ಮೊದಲು ನಿಮ್ಮ ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಊರಿನ ಮನೆಯ ಕಪಾಟಿನಿಂದ ನಿಮ್ಮ ರೂಮಿಗೆ ಬಂದಿರಲಿ. ಸಿಟ್ಟಿನಲ್ಲಿ ಯಾರಾದರೂ ಅವನ್ನು ಹಿಡಿದಿಟ್ಟುಕೊಂಡರೆ ನೌಕರಿಗೇ ಕುತ್ತು.

ನಮ್ಮ ಕಡೆ ಮನೆಯವರಿಗೆ ದೊಡ್ಡ ಚಿಂತೆ "ಇದೇನು" ಅನ್ನುವುದಲ್ಲ, "ಮಂದಿಗೆ ಏನು ಹೇಳೋದು" ಅನ್ನುವುದು. ನಾವು ದೇಹ, ಮನಸ್ಸು ಅಂತ ಗಂಟೆಗಟ್ಟಲೆ ತಿಳಿಸಿ ಹೇಳುತ್ತೇವೆ. ಅವ್ವ ಹೂಂ ಅನ್ನುತ್ತಾ, ಬರುವ ವಾರದ ಮದುವೆಯಲ್ಲಿ ಯಾರು ಏನು ಕೇಳಿಯಾರು ಅಂತ ಯೋಚಿಸುತ್ತಿರುತ್ತಾಳೆ. ಅವಳಿಗೆ ಬೇಕಾದದ್ದು ಬಾಯಿಗೆ ಒಂದು ಉತ್ತರ. ಅದನ್ನು ನೀವೇ ಕಟ್ಟಿ ಕೊಡಬೇಕು.

ನಾನು ಮೊದಲು ಹೇಳಿದ್ದು ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ. ಬೇರೆ ಮನೆಯಿಂದ ಬಂದು ನಮ್ಮವರ ಸ್ವಭಾವ ಕಲಿತವಳು ಅವಳು. ಅಪ್ಪನ ಹತ್ತಿರ ಯಾವ ಹೊತ್ತಿಗೆ ಮಾತು ತೆಗೆಯಬೇಕು, ಅವ್ವ ಯಾವುದಕ್ಕೆ ಅಳುತ್ತಾಳೆ ಅನ್ನೋದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವ್ವನಿಗೆ ವಿಷಯ ತಿಳಿದ ಮೇಲೆ ಅವಳಿಗೆ ಉತ್ತರ ರೂಢಿ ಮಾಡಿಸಿದ್ದೂ ವೈನಿಯೇ. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು, ವೈನಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. "ಅತ್ತಿ, ಈಗ ನಾ ಬಾಜೂ ಮನಿಯಾಕಿ ಅಂತ ತಿಳೀರಿ" ಅಂದವಳೇ ದನಿ ಬದಲಿಸಿ ಕೇಳಿದಳು: "ಏನ್ರಿ ಅಕ್ಕಾರ, ನಿಮ್ಮ ಸಣ್ಣ ಮಗ ಕೂದಲಾ ಬಿಟ್ಟಾನಂತಲ್ಲ, ಏನ ಕಥಿ?" ಅವ್ವ ಮಾತಾಡಲಿಲ್ಲ. ಬಡಿದು ಬಡಿದು ರೊಟ್ಟಿಯ ಅಂಚು ಹರಿಯಿತು. ವೈನಿ ಬಿಡಲಿಲ್ಲ. ಮರುದಿನ ಕೇಳಿದಳು, ಮತ್ತೆ ಕೇಳಿದಳು. ಕೊನೆಗೊಂದು ದಿನ ಅವ್ವ ತಲೆ ಎತ್ತಿ ಹೇಳಿದಳು: "ಮಗ ಅಲ್ಲವಾ, ಮಗಳು. ಬೆಳಗಾವ್ಯಾಗ ನೌಕರಿ ಮಾಡ್ತಾಳ. ಡಾಕ್ಟರು ನೋಡ್ಯಾರ. ಹೆಚ್ಚಿಂದು ಬೇಕಾದ್ರ ಆಕಿನ್ನ ಕೇಳು."

ಆ ಉತ್ತರದಲ್ಲಿ ಕ್ಷಮೆ ಕೇಳಿದ್ದು ಇಲ್ಲ, ಸುಳ್ಳೂ ಇಲ್ಲ. "ಏನೋ ರೋಗ ಐತಿ, ಔಷಧ ನಡದೈತಿ" ಅಂತ ಹೇಳಿಸಬೇಡಿ. ಹಾಗೆ ಹೇಳಿದರೆ ನಾಳೆಯಿಂದಲೇ ಒಬ್ಬೊಬ್ಬರು ಒಂದೊಂದು ನಾಟಿ ಔಷಧ ಹಿಡಿದುಕೊಂಡು ಬರುತ್ತಾರೆ. ಆಮೇಲೆ ಅವ್ವ ಆ ಸುಳ್ಳನ್ನು ಕಾಯುತ್ತಾ ಕೂರಬೇಕು.

ಎದುರಿಗೆ ಮಾತಾಡುವಾಗ ಮನೆಯವರಿಗೆ ಅಷ್ಟು ಕಷ್ಟ ಆಗಲ್ಲ. "ಉಂಡಿ ಏನ, ಯಾವಾಗ ಬಂದಿ" ಅಂತ ಗಂಡಿಗೂ ಹೆಣ್ಣಿಗೂ ಒಂದೇ ಥರ ಕೇಳಬಹುದು ಅಲ್ವಾ. ನೀವಿಲ್ಲದಾಗ ಇನ್ನೊಬ್ಬರ ಹತ್ತಿರ ನಿಮ್ಮ ಸುದ್ದಿ ಬಂದರೆ "ಬಂದಾನ"ವೋ "ಬಂದಾಳ"ವೋ ಅಂತ ನಾಲಿಗೆ ತಡವರಿಸುತ್ತೆ. ಹಾಗಾಗಿ ಮನೆಯೊಳಗೇ ರೂಢಿ ಆಗಬೇಕು. ತಪ್ಪಿದಾಗಲೆಲ್ಲ ತಿದ್ದುವ ಕೆಲಸ ನಿಮ್ಮದಾಗಬಾರದು, ನೀವು ಮೊದಲು ಹೇಳಿದ ವ್ಯಕ್ತಿಯದಾಗಲಿ. ನೀವು ತಿದ್ದಿದರೆ ಜಗಳ ಆಗುತ್ತೆ, ವೈನಿ ತಿದ್ದಿದರೆ ಮಾತು ಮುಂದೆ ಹೋಗುತ್ತೆ.

ಇನ್ನು ಎಲ್ಲಮ್ಮನ ವಿಷಯ. ನಿಮ್ಮ ಮನೆಯಲ್ಲೂ ಇದು ಬಂದೇ ಬರುತ್ತೆ. ಗಂಡು ಹುಡುಗ ಸೀರೆ ಉಡುತ್ತಾನೆ ಅಂದರೆ ನಮ್ಮ ಹಿರಿಯರಿಗೆ ಗೊತ್ತಿರುವ ದಾರಿ ಒಂದೇ: ಸವದತ್ತಿ ಗುಡ್ಡದ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು, ದೇವಿಗೆ ಬಿಟ್ಟ ಜೋಗಪ್ಪ ಆಗುವುದು. ಹರಕೆ ತಪ್ಪಿದ್ದಕ್ಕೆ ತಾಯಿಯ ಕಾಟ ಅಂತ ಅವ್ವ ಅತ್ತಳು. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಕರೆದಳು, ನಾನು ಹೋದೆ. ಉಧೋ ಉಧೋ ಅಂದೆ, ಕಾಯಿ ಒಡೆಸಿದೆ. ದೇವಿಯನ್ನು ಬೇಡ ಅನ್ನುವ ಅಗತ್ಯ ನನಗೇನೂ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದೆ: ಜೋಗಪ್ಪಗಳ ಬಗ್ಗೆ ನನಗೆ ಗೌರವ ಇದೆ, ಆದರೆ ನಾನು ಅವರ ಹಾಗೆ ದೇವಿಯ ಬುಟ್ಟಿ, ಹಡಲಿಗೆ ಹೊರುವವಳಲ್ಲ, ನೌಕರಿಗೆ ಹೋಗಿ ಹಬ್ಬಕ್ಕೆ ಮನೆಗೆ ಬರುವ ಮಗಳು. ಅವ್ವ ಗುಡ್ಡದಲ್ಲಿ ಎಷ್ಟೋ ಜೋಗಪ್ಪಗಳ ಕಾಲಿಗೆ ಬಿದ್ದವಳು. ಇಂಥವರು ಲೋಕದಲ್ಲಿ ಇದ್ದಾರೆ ಅಂತ ಅವಳಿಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ನಮ್ಮ ಭಾಗಕ್ಕೆ ಇದು ದೊಡ್ಡ ಆಸರೆ, ಬಳಸಿಕೊಳ್ಳಿ. 2021ರ ನವೆಂಬರ್‌ನಲ್ಲಿ ಟ್ರಾನ್ಸ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗೆ ದೃಷ್ಟಿ ತೆಗೆದ ವಿಡಿಯೊ ಇದೆಯಲ್ಲ, ಅದನ್ನು ಅಪ್ಪನಿಗೆ ತೋರಿಸಿದೆ. ಸುಮ್ನೆ ನೋಡಿದ. ಮಾರನೇ ದಿನ ಅದನ್ನೇ ಕಾಕಾಗೆ ತೋರಿಸುತ್ತಿದ್ದ.

ಅಪ್ಪನ ಪ್ರಶ್ನೆ ಪೂರ್ತಿ ಬೇರೆ ಇತ್ತು. "ಉತಾರದಾಗ ನಿನ್ನ ಹೆಸರ ಏನಂತ ಹಚ್ಚಿಸೋದು?" ಉತಾರ ಅಂದರೆ ಹೊಲದ ಪಹಣಿ. ಮಗ ಮಗಳಾದರೆ ಹೊಲದ ಪಾಲು ಹೋಗುತ್ತೆ, ದಾಯಾದಿಗಳು ತಕರಾರು ತೆಗೆಯುತ್ತಾರೆ ಅನ್ನುವ ಭಯ ಅವನಿಗೆ. 2005ರ ತಿದ್ದುಪಡಿ ಆದ ಮೇಲೆ ಹಿಂದೂ ಮನೆತನದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅದನ್ನು ನನ್ನ ಬಾಯಿಂದ ಹೇಳದೆ ಅವನಿಗೆ ಗೊತ್ತಿದ್ದ ವಕೀಲರಿಂದ ಹೇಳಿಸಿದೆ. ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ 1% ಮೀಸಲಾತಿ ಅಂತ ಕರ್ನಾಟಕ 2021ರಲ್ಲಿ ಮಾಡಿದ್ದೂ ಆಗಲೇ ಅವನ ಕಿವಿಗೆ ಬಿತ್ತು. ಒಬ್ಬೊಬ್ಬರ ಭಯ ಒಂದೊಂದು ಥರ. ಅವರು ಕೇಳದೇ ಇರುವ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂರಬೇಡಿ.

ಹಾರ್ಮೋನ್ ಬಗ್ಗೆ: ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತಂದು ನುಂಗಬೇಡಿ, ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಡಾಕ್ಟರ್ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಮುಂದೆ ಮಕ್ಕಳು ಬೇಕು ಅನ್ನಿಸಬಹುದಾ ಅಂತಲೂ ಮೊದಲೇ ಮಾತಾಡಿ. ಹೆಣ್ಣಿನ ಹಾರ್ಮೋನ್ ಈಸ್ಟ್ರೊಜನ್ ಶುರುವಾದ ಮೇಲೆ ಎದೆ ಬೆಳೆಯಲು ಶುರುವಾಗುವುದಕ್ಕೇ ಸಾಮಾನ್ಯವಾಗಿ 3ರಿಂದ 6 ತಿಂಗಳು, ಪೂರ್ತಿ ಆಗಲು ಎರಡು ಮೂರು ವರ್ಷ ಹಿಡಿಯುತ್ತೆ. ದನಿ ಅದರಿಂದ ಬದಲಾಗುವುದಿಲ್ಲ. ಅಂದರೆ ಮನೆಯವರಿಗೂ ಟೈಮ್ ಸಿಗುತ್ತೆ. ಆದರೆ ಕಣ್ಣಿಗೆ ಕಾಣುವ ಮೊದಲು ಅವ್ವನಿಗಾದರೂ ತಿಳಿದಿರಲಿ. ಬೇರೆಯವರ ಬಾಯಿಂದ ಕೇಳುವುದು ಅವಳಿಗೆ ಜಾಸ್ತಿ ನೋವು.

ಅಪ್ಪ-ಅವ್ವ "ಡಾಕ್ಟರ್‌ಗೆ ತೋರಿಸೋಣ" ಅಂದರೆ ಹೂಂ ಅನ್ನಿ, ಆದರೆ ಡಾಕ್ಟರನ್ನು ನೀವೇ ಆರಿಸಿ, ಮೊದಲು ಒಬ್ಬರೇ ಹೋಗಿ ಮಾತಾಡಿ ಬನ್ನಿ. ನಮ್ಮ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ, ಅದರಲ್ಲಿ ಟ್ರಾನ್ಸ್ ಆಗಿರುವುದು ಮಾನಸಿಕ ಕಾಯಿಲೆ ಅಲ್ಲ. "ಸರಿ ಮಾಡಿ ಗಂಡು ಮಾಡ್ತೀನಿ" ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ನಿಮ್ಮ ಅವ್ವನೂ ಫೋನ್ ಮಾಡಬಹುದು.

ಒಂದೇ ಒಂದು ವಿಷಯದಲ್ಲಿ ನಿಧಾನ ಬೇಡ. ನಿಮಗೆ ಕನ್ಯಾ ನೋಡಲು ಶುರು ಮಾಡಿದರೆ ಅವತ್ತೇ ಆಗಲ್ಲ ಅನ್ನಿ. ಮದುವೆ ಆದರೆ ಸರಿ ಹೋಗ್ತಾನೆ ಅನ್ನುವವರು ನಿಮ್ಮ ಬಂಧುಗಳಲ್ಲೂ ಇರುತ್ತಾರೆ. ಏನೂ ಗೊತ್ತಿಲ್ಲದ ಒಂದು ಹುಡುಗಿಯ ಬಾಳು ಅದರಲ್ಲಿ ಹಾಳಾಗುತ್ತೆ. ಹಾಗೇ ಹೊಡೆತ, ಕೂಡಿ ಹಾಕುವುದು ಶುರುವಾದರೆ ಒಪ್ಪಿಸುವ ಮಾತು ಬಿಡಿ, ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ.

ನಮ್ಮ ಅಣ್ಣ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ಅವನ ಸಿಟ್ಟೆಲ್ಲ ವೈನಿಯ ಮೇಲೆ ಹೋಯಿತು, ನಿನಗೆ ಮೊದಲೇ ಗೊತ್ತಿದ್ದೂ ಮುಚ್ಚಿಟ್ಟೆ ಅಂತ. ಅವಳು ತಡೆದುಕೊಂಡಳು, ಆದರೆ ಅದು ಸಣ್ಣ ಮಾತಲ್ಲ. ಅದಕ್ಕೇ ನೀವು ಮೊದಲು ಹೇಳುವವರ ಹತ್ತಿರ ಮೊದಲೇ ಕೇಳಿ: ಇದರಿಂದ ಮನೆಯಲ್ಲಿ ನಿನಗೂ ಮಾತು ಬರಬಹುದು, ನಡೆಯುತ್ತಾ? ಅವರು ಬೇಡ ಅಂದರೆ ಬೇಜಾರಾಗಬೇಡಿ, ಇನ್ನೊಬ್ಬರನ್ನು ಹುಡುಕಿ. ಹೂಂ ಅಂದರೆ, ಅವರಿಗೆ ಯಾವಾಗ ಹೇಳಿದಿರಿ ಅನ್ನುವುದನ್ನು ಮನೆಯಲ್ಲಿ ಬಾಯಿ ಬಿಡಬೇಡಿ.